ಪದಚರ್ಚೆ: ಬಿಯರಿಗೆ ಹಾಪ್ಸ್ ಮುಂದಾದರೆ – ಕಹಿ, ಒಗರು, ಘಾಟು

ಬಳಗದ ಎಲ್ಲರಿಗೂ ಮಡಿಕೇರಿಯಿಂದ ನಮಸ್ಕಾರ.

ಅಮೆರಿಕದ ಒರೆಗಾನ್‌ನಲ್ಲಿರುವ ನನ್ನ ಅಕ್ಕನ ಮಗ ಮನೆಯಲ್ಲೇ ಐಪಿಎ ಎಂಬ, ಹಾಪ್ಸ್ ಹೆಚ್ಚು ಹಾಕುವ ಬಗೆಯ ಬಿಯರ್ ಮಾಡುತ್ತಾನೆ. ಅವನ ಟಿಪ್ಪಣಿಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹಾಪ್ಸ್ ಅಂದರೆ ಬಿಯರಿಗೆ ಕಹಿಯನ್ನೂ ಕಂಪನ್ನೂ ಕೊಡುವ ಹೂ; ಅದರ ರುಚಿ ಅತಿಯಾದ ಬಿಯರನ್ನು ಹದಕ್ಕೆ ತರುವುದು ಹೇಗೆ ಎಂಬ ಭಾಗಕ್ಕೆ ಬಂದು ನಿಂತಿದ್ದೇನೆ. ‘ಅತಿಯಾಯಿತು’ ಅನ್ನುವುದಕ್ಕೆ ನಮ್ಮ ಅಡುಗೆಮನೆಯ ಮಾತೇ ಸಾಕು. ಸಾರಿಗೆ ಉಪ್ಪು ಮುಂದಾಯಿತು ಎನ್ನುವ ಹಾಗೆ ‘ಹಾಪ್ಸ್ ಮುಂದಾಗಿದೆ’ ಎಂದು ಬರೆದಿದ್ದೇನೆ. ತೊಡಕಿರುವುದು ಅದರ ಮುಂದೆ. ಏನು ಮುಂದಾಗಿದೆ ಎಂಬುದರ ಮೇಲೆ ಮದ್ದು ಬೇರೆಯಾಗುತ್ತದೆ. ಎಲ್ಲವನ್ನೂ ‘ಕಹಿ’ ಎಂದುಬಿಟ್ಟರೆ ಓದಿದವರು ತಪ್ಪು ಮದ್ದು ಮಾಡುತ್ತಾರೆ.

ಹಾಪ್ಸ್ ಒಂದು ಬಳ್ಳಿಯ ಹೆಣ್ಣು ಹೂಗೊಂಚಲು. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆಯುತ್ತಾರೆ. ಹೂವಿನ ಎಸಳುಗಳ ಬುಡದಲ್ಲಿ ಲುಪುಲಿನ್ ಎಂಬ ಹಳದಿ ಪುಡಿ ಇರುತ್ತದೆ. ಅದರೊಳಗಿನ ಆಲ್ಫಾ ಆಮ್ಲಗಳು ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಸಿಹಿನೀರಿನ ಜೊತೆ ಸುಮಾರು ಒಂದು ಗಂಟೆ ಕುದಿದಾಗ ರೂಪ ಬದಲಿಸಿ ಕರಗುತ್ತವೆ. ಬಿಯರಿನ ಕಹಿಗಿರುವ ಐಬಿಯು ಎಂಬ ಅಳತೆ ಲೆಕ್ಕ ಹಾಕುವುದು ಮುಖ್ಯವಾಗಿ ಇದನ್ನೇ. ಇದು ಅಪ್ಪಟ ಕಹಿ, ಹಳಗನ್ನಡದ ‘ಕಯ್ಪೆ’. ಈ ಪದದಲ್ಲಿ ನನಗೆ ಸಂಶಯವಿಲ್ಲ. ಸಂಶಯ ಕ್ರಿಯಾಪದದಲ್ಲಿ. ಹಾಗಲಕಾಯಿಗೆ ಉಪ್ಪು ಹಚ್ಚಿ ಹಿಂಡಿದರೆ ಕಹಿ ‘ತೆಗೆದ’ ಹಾಗೆ. ಗೊಜ್ಜಿಗೆ ಬೆಲ್ಲ ಹಾಕಿದರೆ ಅದನ್ನು ‘ಮರೆಸಿದ’ ಹಾಗೆ. ಬಿಯರಿನಲ್ಲಿ ಕರಗಿದ ಕಹಿಯನ್ನು ಮನೆಯಲ್ಲಿ ತೆಗೆಯಲು ಬರುವುದಿಲ್ಲ. ಹಾಪ್ಸ್ ಕಡಿಮೆ ಇರುವ ಇನ್ನೊಂದು ಬಿಯರನ್ನು ಬೆರೆಸಿ ತೆಳುವು ಮಾಡಬಹುದು, ಯೀಸ್ಟ್ ತಿನ್ನದ ಲ್ಯಾಕ್ಟೋಸಿನಂಥ ಸಕ್ಕರೆ ಹಾಕಿ ಮರೆಸಬಹುದು. ಮುಂದಿನ ಸಲಕ್ಕೆ ಕುದಿಯ ಮೊದಲಿಗೇ ಹಾಕುವ ಹಾಪ್ಸನ್ನು ತಗ್ಗಿಸಬೇಕು, ನೀರಿಗೆ ಜಿಪ್ಸಮ್ ಹಾಕುವ ರೂಢಿಯಿದ್ದರೆ ಅದನ್ನೂ ಇಳಿಸಬೇಕು, ಏಕೆಂದರೆ ಅದರಲ್ಲಿರುವ ಸಲ್ಫೇಟ್ ಕಹಿಯನ್ನು ಎತ್ತಿ ತೋರಿಸುತ್ತದೆ. ಬೆರೆಸುವುದು, ಮರೆಸುವುದು ಎರಡಕ್ಕೂ ಸೇರಿ ‘ಕಹಿ ಮುರಿಯುವುದು’ ಎನ್ನಬಹುದೇ? ನನ್ನ ಕಿವಿಗೆ ಅದು ಸರಿ ಕೇಳಿಸುತ್ತದೆ.

ಎರಡನೆಯದು ಒಗರು. ಹುದುಗು ಮುಗಿದ ಮೇಲೆ, ಕುದಿಸದೆ, ಬಿಯರಿಗೆ ನೇರ ಹಾಪ್ಸ್ ಹಾಕಿ ನೆನೆಸುವ ಕ್ರಮ ಐಪಿಎಯಲ್ಲಿ ಸಾಮಾನ್ಯ. ಆಗ ಎಸಳುಗಳಿಂದ ಪಾಲಿಫಿನಾಲ್ ಎಂಬ ಒಗರಿನ ಅಂಶ ಇಳಿಯುತ್ತದೆ. ಗೇರುಹಣ್ಣು ತಿಂದಾಗಿನಂತೆ ನಾಲಗೆ ಒಣಗಿ ಹಿಡಿದುಕೊಳ್ಳುತ್ತದೆ. ಇಂಗ್ಲಿಷ್ ಟಿಪ್ಪಣಿಗಳಲ್ಲಿ ಇದನ್ನೂ ಎಷ್ಟೋ ಸಲ ಕಹಿಯೆಂದೇ ಬರೆದಿರುತ್ತಾರೆ. ಒಗರು ಎಂಬ ಒಳ್ಳೆಯ ಪದ ಇರುವ ನಾವು ಅದನ್ನು ಅನುಸರಿಸಬೇಕಿಲ್ಲ. ಇದಕ್ಕೆ ಸಕ್ಕರೆ ಮದ್ದಲ್ಲ. ಬಿಯರನ್ನು ಚೆನ್ನಾಗಿ ತಣ್ಣಗಿಟ್ಟು ಕಾದರೆ ಪಾಲಿಫಿನಾಲಿನ ಒಂದು ಪಾಲು ಪ್ರೋಟೀನಿಗೆ ಅಂಟಿ ತಳ ಸೇರುತ್ತದೆ. ಜೆಲಾಟಿನ್ ಹಾಕಿದರೆ ಬೇಗ ತಿಳಿಯಾಗುತ್ತದೆ. ಹೊಸ ಬಿಯರಿನಲ್ಲಿ ಹಾಪ್ಸ್ ಚೂರು ಇನ್ನೂ ತೇಲುತ್ತಿರುವಾಗ ಗಂಟಲಲ್ಲಿ ಒಂದು ಬಗೆಯ ಉರಿಯೂ ಬರುತ್ತದೆ. ಕೆಂಬಿನ (ಕೆಸುವಿನ) ಸೊಪ್ಪು ಸರಿಯಾಗಿ ಬೇಯದಿದ್ದರೆ ಹೇಳುವ ‘ಗಂಟಲು ಕೆರೆತ’ ಅದಕ್ಕೆ ಹತ್ತಿರ ಎನಿಸಿ ಬರೆದಿದ್ದೇನೆ. ಇದೂ ತಳ ನಿಂತ ಮೇಲೆ ಇಳಿಯುತ್ತದೆ.

ಮೂರನೆಯದು ವಾಸನೆಯದ್ದು, ನನಗೆ ನಿಜವಾಗಿ ಪದ ಸಿಗದಿರುವುದು ಇಲ್ಲೇ. ಹಾಪ್ಸ್‌ನ ತೈಲಗಳು ಕುದಿಯಲ್ಲಿ ಹಾರಿಹೋಗುತ್ತವೆ, ಅದಕ್ಕೇ ಪರಿಮಳದ ಹಾಪ್ಸನ್ನು ಕೊನೆಗೆ ಅಥವಾ ಕುದಿಸದೆ ಹಾಕುವುದು. 1972ರಲ್ಲಿ ಬಿಡುಗಡೆಯಾದ ಒರೆಗಾನ್‌ನ ಕ್ಯಾಸ್ಕೇಡ್ ತಳಿಗೆ ಚಕ್ಕೋತದ ಜಾತಿಯ ಹಣ್ಣಿನ ಸಿಪ್ಪೆಯ ಕಂಪು. ನಮ್ಮ ತೋಟದ ಕರಿಮೆಣಸಿನಲ್ಲಿರುವ ಕ್ಯಾರಿಯೋಫಿಲೀನ್ ಎಂಬ ವಾಸನೆಯ ಅಂಶ ಹಾಪ್ಸ್‌ನಲ್ಲೂ ಇದೆ ಎಂದು ತಿಳಿದಾಗ ಬಹಳ ಸಂತೋಷವಾಯಿತು. ಹಿತವಾಗಿದ್ದಾಗ ‘ಕಂಪು’ ಸರಿ. ಅದೇ ಮೂಗಿಗೆ ಹೊಡೆಯುವಷ್ಟಾದರೆ? ‘ಘಾಟು’ ಎಂದು ಬರೆದೆ, ಆದರೆ ಘಾಟು ಅಂದ ಕೂಡಲೇ ಒಗ್ಗರಣೆ ಮೆಣಸಿನಕಾಯಿ, ಹೊಗೆಸೊಪ್ಪು ನೆನಪಾಗುತ್ತದೆ. ಈ ದೋಷಕ್ಕೆ ಕಾಲವೇ ಮದ್ದು. ಗಾಳಿ ತಾಗದಂತೆ ಇಟ್ಟರೆ ಕೆಲವು ವಾರಗಳಲ್ಲಿ ತಾನೇ ತಗ್ಗುತ್ತದೆ, ಕಹಿಗಿಂತ ಬೇಗ.

ಹಾಪ್ಸ್ ಹೆಚ್ಚು ದಿನ ನೆನೆದರೆ ಕೊಯ್ದ ಹುಲ್ಲಿನಂಥ ವಾಸನೆಯೂ ಬರುತ್ತದೆ. ‘ಹಸಿ ವಾಸನೆ’ ಎನ್ನಬಹುದಿತ್ತು, ಆದರೆ ಅಡುಗೆಯಲ್ಲಿ ಹಸಿ ವಾಸನೆ ಅಂದರೆ ಹುರಿದರೆ, ಕುದಿಸಿದರೆ ಹೋಗುವಂಥದ್ದು. ಬಿಯರನ್ನು ಮತ್ತೆ ಕುದಿಸಲಾಗದು. ‘ಕನರು’ ಎಂಬ ಮಾತು ಇಲ್ಲಿ ಕೂಡುತ್ತದೆಯೇ? ನಿಮ್ಮ ಕಡೆ ಅದನ್ನು ನಾಲಗೆಗೆ ಹೇಳುತ್ತಾರೋ, ಮೂಗಿಗೋ?

ನಮ್ಮ ಮನೆಮಾತು ಅರೆಭಾಷೆ. ಕೊಡವ ತಕ್ಕ್ ಆಡುವವರು ಒಗರಿಗೂ ಕೆರೆತಕ್ಕೂ ಏನನ್ನುತ್ತಾರೆ ಎಂದು ತಿಳಿಸಿದರೆ ಉಪಕಾರ. ಕಾಫಿ ರುಚಿ ನೋಡುವ ಕೆಲಸದಲ್ಲಿರುವವರು ಯಾರಾದರೂ ಈ ಬಳಗದಲ್ಲಿದ್ದರೆ, ಅತಿಯಾದ ವಾಸನೆಗೆ ನೀವು ದಿನವೂ ಆಡುವ ಕನ್ನಡ ಮಾತು ಯಾವುದು?