ಅನ್ನ ಇಲ್ಲದ ಥಾಯ್ ಅಡುಗೆ: ಚಿಕ್ಕಮ್ಮನಿಗೆ ಉದ್ದದ ಉತ್ತರ

ಚಿಕ್ಕಮ್ಮ, ಟೈಪ್ ಮಾಡುತ್ತಾ ಕೂತರೆ ರಾತ್ರಿ ಆಗುತ್ತದೆ, ಅದಕ್ಕೆ ಮಾತಿನಲ್ಲೇ ಹೇಳುತ್ತೇನೆ. ಉದ್ದ ಉಂಟು, ಕೆಲಸ ಮಾಡುತ್ತಾ ಕೇಳಿ. ನೀವು ಕೇಳಿದ್ದು ಇಷ್ಟು ಅಲ್ವಾ? ಚಿಕ್ಕಪ್ಪನಿಗೆ ಡಾಕ್ಟರು ಅನ್ನ ಕಡಿಮೆ ಮಾಡಿ ಅಂದಿದ್ದಾರೆ. ಬೆಂಗಳೂರಿನಿಂದ ಬಂದ ಮಗಳು ಥಾಯ್ ಅಡುಗೆಯೇ ಬೇಕು ಅಂತ ಹಟ ಹಿಡಿದಿದ್ದಾಳೆ. ಇಬ್ಬರಿಗೂ ಒಂದೇ ಪಾತ್ರೆಯಲ್ಲಿ ಮುಗಿಯುತ್ತದಾ ಅಂತ. ಮುಗಿಯುತ್ತದೆ. ಭಾವ, ನೀವು ಚಿಕ್ಕಮ್ಮನ ಮೆಸೇಜಿನ ಕೆಳಗೆ "ಹುಲ್ಲಿನ ಸಾರಾ?" ಅಂತ ಹಾಕಿದ್ದೂ ನೋಡಿದೆ. ಹೌದು, ಹುಲ್ಲಿನ ಸಾರೇ. ನಿಮಗೂ ಬರುತ್ತೇನೆ.

ಥಾಯ್ ಅಡುಗೆಯಲ್ಲಿ ಕಾರ್ಬ್, ಅಂದರೆ ಶುಗರ್ ಏರಿಸುವ ಪಿಷ್ಟ, ಸಕ್ಕರೆ, ಮುಖ್ಯವಾಗಿ ಇರುವುದು ಎರಡು ಕಡೆ. ಒಂದು, ಪಕ್ಕಕ್ಕೆ ಬಡಿಸುವ ಅನ್ನ, ನೂಡಲ್ಸ್. ಇನ್ನೊಂದು, ಒಳಗೆ ಬೀಳುವ ತಾಳೆಬೆಲ್ಲ, ಸಕ್ಕರೆ. ಅವರ ಕಾಯಿಹಾಲಿನ ಕರಿಗೆ ಹಿಟ್ಟು ಕಲಸಿ ದಪ್ಪ ಮಾಡುವ ಕ್ರಮ ಇಲ್ಲ. ನಮ್ಮ ಕೋಳಿ ಸಾರು, ಕೋರಿ ಗಸಿಯ ಹಾಗೆ ಕಾಯಿಯಿಂದಲೇ ದಪ್ಪ ಬರುತ್ತದೆ. ಒಂದು ಕಪ್ ಬೆಂದ ಅನ್ನದಲ್ಲಿ ಸುಮಾರು 45 ಗ್ರಾಂ ಕಾರ್ಬ್ ಉಂಟು, ಒಂದು ಟೀ ಚಮಚ ಸಕ್ಕರೆಯಲ್ಲಿ 4 ಗ್ರಾಂ. ಹಾಗಾಗಿ ಜಗಳ ಇರುವುದು ಕರಿಯ ಜೊತೆ ಅಲ್ಲ, ಬಟ್ಟಲಿನಲ್ಲಿರುವ ಅನ್ನದ ಜೊತೆ. ಕುಚ್ಚಲಕ್ಕಿ ಆದರೆ ಪರವಾಗಿಲ್ಲ ಅಂತ ಚಿಕ್ಕಪ್ಪ ವಾದ ಮಾಡುತ್ತಾರೆ, ನನಗೆ ಗೊತ್ತು. ಸಕ್ಕರೆ ಸ್ವಲ್ಪ ಮೆಲ್ಲ ಏರಬಹುದು, ಕಾರ್ಬ್ ಹೆಚ್ಚುಕಡಿಮೆ ಅಷ್ಟೇ.

ಇನ್ನೊಂದು, ಅವರು ಶುಗರ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರಲ್ವಾ? ಒಮ್ಮೆಲೇ ಅನ್ನ ಪೂರ್ತಿ ನಿಲ್ಲಿಸಬೇಡಿ. ಕೆಲವು ಮಾತ್ರೆಗೆ ಶುಗರ್ ತುಂಬ ಇಳಿದು ತಲೆ ತಿರುಗುತ್ತದೆ. ಎಷ್ಟು ಕಡಿಮೆ ಮಾಡುತ್ತೇವೆ ಅಂತ ಡಾಕ್ಟರಿಗೆ ಮೊದಲೇ ಹೇಳಿ.

ಸರಿ, ಅಡುಗೆಗೆ ಬರೋಣ. ನನ್ನ ಮಾತು ಕೇಳುವುದಾದರೆ ಮೊದಲ ಸಲ ಗ್ರೀನ್ ಕರಿ ಮಾಡಬೇಡಿ, ಟೊಮ್ ಖಾ ಕೈ ಮಾಡಿ. ಟೊಮ್ ಅಂದರೆ ಕುದಿಸುವುದು, ಖಾ ಅಂದರೆ ರಾಸ್ಮೆ, ಶುಂಠಿಯ ಜಾತಿಯ ಗೆಡ್ಡೆ, ಕೈ ಅಂದರೆ ಕೋಳಿ. ನಮ್ಮ ಕೈ ಅಲ್ಲ ಭಾವ. ಇದಕ್ಕೆ ಮಸಾಲೆ ಕಡೆಯಲಿಕ್ಕೇ ಇಲ್ಲ. ಸಾರಿನ ಹಾಗೆ ಬಟ್ಟಲಲ್ಲಿ ಹಾಕಿ ಚಮಚದಲ್ಲಿ ಕುಡಿಯಬಹುದು, ಅನ್ನ ನೆನಪಾಗುವುದಿಲ್ಲ. ಅದೇ ಇದರ ಲಾಭ.

ಸಾಮಾನು ಎಲ್ಲಿ ಅಂತ ಹೆದರಬೇಡಿ. ಲೆಮನ್ ಗ್ರಾಸ್ ಅಂತ ಪ್ಯಾಕೆಟಲ್ಲಿ ಬರುವುದು ನಿಮ್ಮ ಬಾವಿಕಟ್ಟೆ ಹತ್ತಿರ ಇರುವ ಮಜ್ಜಿಗೆ ಹುಲ್ಲೇ. ಖಾ ಅಂದೆನಲ್ಲ, ಅದು ದುಂಪರಾಸ್ಮೆ. ಹಸಿ ಸಿಗದಿದ್ದರೆ ನಾಟಿ ಮದ್ದಿನ ಗ್ರಂಧಿಗೆ ಅಂಗಡಿಯಲ್ಲಿ ಒಣಗಿದ್ದು ಕೇಳಿ, ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ. ಶುಂಠಿ ಹಾಕಿದರೆ ಆಗುತ್ತದೆ, ಆದರೆ ಅದು ಶುಂಠಿ ಸಾರು ಆಗುತ್ತದೆ. ರಾಸ್ಮೆಗೆ ಒಂದು ಕಾಡಿನ ಪರಿಮಳ ಉಂಟು, ಶುಂಠಿಗೆ ಅದಿಲ್ಲ. ಅವರ ನಿಂಬೆ ಎಲೆಯ ಬದಲು ನಾನು ಹೇರಳೆ ಮರದ ಎಳೆ ಎಲೆ ಹಾಕುತ್ತೇನೆ. ಅದೇ ಅಂತ ಹೇಳುವುದಿಲ್ಲ, ಆದರೆ ಮಂಗಳೂರಲ್ಲಿ ಕೂತವಳಿಗೆ ಸಾಕು. ಖಾರಕ್ಕೆ ಗಾಂಧಾರಿ ಮೆಣಸು.

ಒಂದು ತೆಂಗಿನಕಾಯಿ ತುರಿದು ದಪ್ಪ ಹಾಲು ಬೇರೆ, ನೀರುಹಾಲು ಬೇರೆ ತೆಗೆದಿಡಿ. ಮಜ್ಜಿಗೆ ಹುಲ್ಲಿನ ಬುಡದ ಬಿಳಿ ಭಾಗ ಮಾತ್ರ, ಎರಡು ದಂಟು, ಗುಂಡುಕಲ್ಲಿನಲ್ಲಿ ಒಮ್ಮೆ ಜಜ್ಜಿ. ಪುಡಿ ಮಾಡಬೇಡಿ, ನಾರು ಬಾಯಿಗೆ ಸಿಕ್ಕಿದರೆ ಚಿಕ್ಕಪ್ಪ ಊಟ ಬಿಟ್ಟು ಏಳುತ್ತಾರೆ. ನೀರುಹಾಲಿಗೆ ಹುಲ್ಲು, ತೆಳ್ಳಗೆ ಹೆಚ್ಚಿದ ಏಳೆಂಟು ಚೂರು ರಾಸ್ಮೆ, ಹರಿದ ಎಲೆ ಹಾಕಿ ಹತ್ತು ನಿಮಿಷ ಕುದಿಸಿ. ಮನೆಯಿಡೀ ಪರಿಮಳ ಬರುತ್ತದೆ. ಆಮೇಲೆ ಅರ್ಧ ಕಿಲೋ ಕೋಳಿ, ಎಲುಬಿಲ್ಲದ್ದು, ಸಣ್ಣ ಚೂರು. ಅದು ಬೆಂದ ಮೇಲೆ ಒಂದು ಹಿಡಿ ಅಣಬೆ. ಉರಿ ಪೂರಾ ಸಣ್ಣ ಮಾಡಿ ದಪ್ಪ ಹಾಲು ಹಾಕಿ. ಬದಿಯಲ್ಲಿ ಒಂದೆರಡು ಗುಳ್ಳೆ ಬಂದ ಕೂಡಲೇ ಆರಿಸಿ. ಲಿಂಬೆರಸ ಆರಿಸಿದ ಮೇಲೆ, ನೆನಪಿಡಿ. ನಾನು ಮೊದಲ ಸಲ ಲಿಂಬೆ ಹಿಂಡಿ ಬುಳುಬುಳು ಕುದಿಸಿದೆ. ಹಾಲೆಲ್ಲ ಒಡೆದು ಮೇಲೆ ಎಣ್ಣೆ, ಕೆಳಗೆ ಮೊಸರು ಒಡೆದ ಹಾಗೆ. ಅಷ್ಟು ಮಾಡಿದ್ದನ್ನು ಚೆಲ್ಲಲಿಕ್ಕೆ ಮನಸ್ಸು ಬರಲಿಲ್ಲ, ನಾವಿಬ್ಬರೇ ತಿಂದು ಮುಗಿಸಿದೆವು.

ಉಪ್ಪಿನ ಬದಲು ಅವರು ಹಾಕುವುದು ಮೀನಿನ ಸಾಸ್, ನಾಮ್ ಪ್ಲಾ ಅಂತ. ಮೀನಿಗೆ ಉಪ್ಪು ಹಾಕಿ ತಿಂಗಳುಗಟ್ಟಲೆ ಇಟ್ಟು ತೆಗೆದ ರಸ. ಬಾಟಲಿ ತೆರೆದರೆ ಮಲ್ಪೆ ಬಂದರು ಅಡುಗೆಮನೆಗೆ ಬಂದ ಹಾಗೆ, ಪಾತ್ರೆಗೆ ಬಿದ್ದ ಮೇಲೆ ವಾಸನೆಯೇ ಇಲ್ಲ. ಉಪ್ಪು ಜಾಸ್ತಿ ಉಂಟು, ಚಿಕ್ಕಪ್ಪನ ಬಿಪಿ ನೋಡಿಕೊಂಡು ಹಾಕಿ. ಬೆಲ್ಲ ಬೇಡವೇ ಬೇಡ, ಕಾಯಿಹಾಲಿನ ಸಿಹಿ ಧಾರಾಳ ಆಯ್ತು.

ಗ್ರೀನ್ ಕರಿಯೇ ಬೇಕು ಅಂತ ಮಗಳು ಅಂದರೆ ಪೇಸ್ಟ್ ಮನೆಯಲ್ಲೇ ಕಡೆಯಿರಿ. ನಾನು ಅವಸರಕ್ಕೆ ಒಂದು ಬಾಟಲಿ ತಂದಿದ್ದೆ. ಮನೆಗೆ ಬಂದು ಕನ್ನಡಕ ಹಾಕಿ ಓದಿದರೆ ಪಟ್ಟಿಯಲ್ಲಿ ಮೂರನೆಯದೇ ಸಕ್ಕರೆ! ಮನೆಯ ಪೇಸ್ಟಿಗೆ ಹಸಿಮೆಣಸು, ರಾಸ್ಮೆ, ಹುಲ್ಲು, ಸಣ್ಣ ನೀರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪಿನ ಬೇರು, ಸ್ವಲ್ಪ ಕೊತ್ತಂಬರಿ ಬೀಜ, ಜೀರಿಗೆ. ಬೇರನ್ನು ಬಿಸಾಡಬೇಡಿ, ಥಾಯ್ ಪರಿಮಳ ಇರುವುದೇ ಅದರಲ್ಲಿ. ಅವರು ಸಿಗಡಿಯ ಪೇಸ್ಟ್ ಹಾಕುತ್ತಾರೆ, ನಾನು ಒಣ ಸಿಗಡಿ ಹುರಿದು ಸೇರಿಸುತ್ತೇನೆ. ಎಟ್ಟಿ ಚಟ್ನಿಗೆ ಹುರಿಯುತ್ತೇವಲ್ಲ, ಹಾಗೆ. ಮತ್ತೆ ಬಾಣಲೆಗೆ ಎಣ್ಣೆ ಬೇಡ. ದಪ್ಪ ಹಾಲನ್ನೇ ಹಾಕಿ ಎಣ್ಣೆ ಬಿಡುವವರೆಗೆ ಕಾಯಿಸಿ, ಅದರಲ್ಲೇ ಪೇಸ್ಟ್ ಹುರಿಯಿರಿ. ಟೊಮ್ ಖಾದಲ್ಲಿ ಹಾಲು ಒಡೆಯಬಾರದು, ಇಲ್ಲಿ ಒಡೆಯಲೇಬೇಕು. ಎರಡೂ ಒಂದೇ ಕಾಯಿಯ ಹಾಲು ನೋಡಿ.

ಅನ್ನದ ಬದಲಿಗೆ ಎಂತ ಅಂತ ಅಲ್ವಾ? ಹೂಕೋಸಿನ ಅನ್ನ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ, ಸುಮ್ನೆ ಅನ್ನದ ನೆನಪು ಮಾಡಿಸುತ್ತದೆ. ಕೊಂಜಾಕ್ ನೂಡಲ್ಸ್ ಅಂತ ಒಂದು ಬರುತ್ತದೆ, ಗೆಡ್ಡೆಯದ್ದು, ಹೆಚ್ಚಿನದ್ದೆಲ್ಲ ನೀರು, ಉಳಿದದ್ದು ನಾರು, ಕಾರ್ಬ್ ಲೆಕ್ಕಕ್ಕಿಲ್ಲ. ಅದನ್ನು ನಾನು ತೆರೆದದ್ದು ಒಂದು ಸೋಮವಾರ. ಪ್ಯಾಕೆಟಿನ ನೀರಿಗೆ ಒಂದು ಮೀನು ವಾಸನೆ ಉಂಟು, ಮೀನು ಹಾಕದಿದ್ದರೂ. ಅತ್ತೆ ದೇವರ ಕೋಣೆಯಿಂದಲೇ ಕೂಗಿದರು, "ಎಂತ ಮಾರಾಯ್ತಿ, ಸೋಮವಾರ ಬಂಗುಡೆ ತಂದದ್ದಾ?" ಚೆನ್ನಾಗಿ ತೊಳೆದು, ಎಣ್ಣೆ ಇಲ್ಲದೆ ಬಾಣಲೆಯಲ್ಲಿ ಹುರಿದರೆ ವಾಸನೆ ಹೋಗುತ್ತದೆ. ಅತ್ತೆಯ ಸಂಶಯ ಇನ್ನೂ ಹೋಗಿಲ್ಲ.

ಅದಕ್ಕಿಂತ ಬಪ್ಪಂಗಾಯಿ, ಅಂದರೆ ಪಪ್ಪಾಯಿ, ಒಳ್ಳೆಯದು. ಕಾಯಿ, ಹಣ್ಣಲ್ಲ. ಸೋಮ್ ತಮ್ ಮಾಡಿ. ಸೋಮ್ ಅಂದರೆ ಹುಳಿ, ತಮ್ ಅಂದರೆ ಕುಟ್ಟುವುದು. ಬೆಳ್ಳುಳ್ಳಿ, ಗಾಂಧಾರಿ, ಒಣ ಸಿಗಡಿ ಕುಟ್ಟಿ, ಉದ್ದುದ್ದ ಹೆಚ್ಚಿದ ಬಪ್ಪಂಗಾಯಿ ಹಾಕಿ ಮೆಲ್ಲ ಜಜ್ಜಿ, ಲಿಂಬೆ, ಮೀನಿನ ಸಾಸ್, ಸ್ವಲ್ಪ ಹುರಿದ ನೆಲಗಡಲೆ. ಬೆಲ್ಲ ಬಿಟ್ಟರೆ ಹುಳಿ ಎದ್ದು ಕಾಣುತ್ತದೆ, ಆಗ ಲಿಂಬೆ ಅರ್ಧ ಕಡಿಮೆ ಮಾಡಿ. ಬಾಯಿಗೆ ಕಟುಂ ಕಟುಂ ಅನ್ನಬೇಕು.

ನಿಮ್ಮ ಹಿತ್ತಲಿನ ಹುಳಿ ಕಾಯಿ, ಬಿಂಬುಳಿ, ಮರೆತೆ ನೋಡಿ! ಮಲೇಷ್ಯಾ, ಇಂಡೋನೇಷ್ಯಾದಲ್ಲಿ ಅದರ ಹೆಸರಲ್ಲೂ ಬೆಲಿಂಬಿಂಗ್ ಉಂಟು, ಮರದ ಊರೇ ಆ ಕಡೆ. ಅವರು ಅದನ್ನು ಸಂಬಲ್ ಅನ್ನುವ ಖಾರದ ಚಟ್ನಿಗೆ ಹಾಕುತ್ತಾರೆ. ಎರಡು ಬಿಂಬುಳಿ, ಗಾಂಧಾರಿ, ನೀರುಳ್ಳಿ, ಉಪ್ಪು ಕುಟ್ಟಿ ಹುರಿದ ಬಂಗುಡೆಯ ಮೇಲೆ ಇಟ್ಟರೆ ಗಂಜಿ ಬೇಕು ಅಂತ ಚಿಕ್ಕಪ್ಪ ಕೇಳುತ್ತಾರೆ, ಕೊಡಬೇಡಿ. ಬಿಂಬುಳಿ ಶುಗರಿಗೆ ಒಳ್ಳೆಯದು ಅಂತ ರಸ ಹಿಂಡಿ ಲೋಟಗಟ್ಟಲೆ ಕುಡಿಯುವವರು ಇದ್ದಾರೆ, ಅದು ಮಾತ್ರ ಬೇಡ. ಅದರಲ್ಲಿ ಆಕ್ಸಲೇಟ್ ಜಾಸ್ತಿ, ಕಿಡ್ನಿಗೆ ಏಟು ಬೀಳುತ್ತದೆ.

ಭಾವ, ಈಗ ನಿಮಗೆ. ನೀವು ನಗಾಡುವ ಹುಲ್ಲಿನ ಸಾರಿನ ಅಕ್ಕ ಒಬ್ಬಳು ಇದ್ದಾಳೆ, ಟೊಮ್ ಯಮ್ ಕುಂಗ್, ಸಿಗಡಿಯದ್ದು. 2024ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿಗೆ ಸೇರಿದ್ದಾಳೆ. ಹುಲ್ಲು ಅದರಲ್ಲೂ ಉಂಟು.

ಚಿಕ್ಕಮ್ಮ, ಆದಿತ್ಯವಾರ ಬರುವಾಗ ಹತ್ತು ಬಿಂಬುಳಿ ತನ್ನಿ. ನಾನು ರಾಸ್ಮೆಯ ಗೆಡ್ಡೆ ಒಂದು ತುಂಡು ತೆಗೆದಿಡುತ್ತೇನೆ, ಬಚ್ಚಲ ನೀರು ಹೋಗುವ ಕಡೆ ನೆಡಿ. ಫೋನ್ ಇಡ್ತೇನೆ, ಹಾಲು ಉಕ್ಕುತ್ತಾ ಉಂಟು.