ಹಾಲೂ ಸೇರಿ ವಹಿವಾಟು 40 ಲಕ್ಷ ದಾಟಿದೆ: ಜಿಎಸ್‌ಟಿ ನೋಂದಣಿ ಬೇಕೇ?

ಹಾಸನದ ಅಂಗಡಿ:
ನಮ್ಮದು ಹಾಲು, ದಿನಸಿ ಅಂಗಡಿ. ನಸುಕಿನಲ್ಲಿ ನಂದಿನಿ ಕ್ರೇಟುಗಳು ಇಳಿಯುತ್ತಿದ್ದಂತೆ ಶುರುವಾಗುವ ಸೌಂಡ್‌ಬಾಕ್ಸಿನ ಕೂಗು ರಾತ್ರಿ ಷಟರ್ ಎಳೆಯುವವರೆಗೂ ನಿಲ್ಲುವುದಿಲ್ಲ. ಅರ್ಧ ಲೀಟರ್ ಹಾಲಿಗೂ ಜನ ಫೋನೇ ತೆಗೆಯುತ್ತಾರೆ. 2025-26ರ ಬ್ಯಾಂಕ್ ಸ್ಟೇಟ್‌ಮೆಂಟ್ ಕೂಡಿದರೆ ಯುಪಿಐ ಜಮೆಯೇ 47 ಲಕ್ಷ. ಅದರಲ್ಲಿ ಸುಮಾರು 4 ಲಕ್ಷ ನಮ್ಮ ಚೀಟಿ ಹಣ ಮತ್ತು ತಮ್ಮ ಹಿಂದಿರುಗಿಸಿದ ಕೈಸಾಲ. ನಗದು ವ್ಯಾಪಾರ ಬೇರೆ, 6 ಲಕ್ಷ ಇರಬಹುದು. ಹಾಲೊಂದೇ 19 ಲಕ್ಷ, ಅದಕ್ಕೆ ತೆರಿಗೆ ಇಲ್ಲವಲ್ಲ?

2025ರ ಜುಲೈಯಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಹೋದಾಗ ಪಕ್ಕದ ಅಂಗಡಿಯವರು ಕ್ಯೂಆರ್ ಕಿತ್ತು ‘ನಗದು ಮಾತ್ರ’ ಎಂದು ಕಾಗದ ಅಂಟಿಸಿದರು. ನಮ್ಮ ಯಜಮಾನರಿಗೂ ಈಗ ಅದೇ ಯೋಚನೆ. ನನಗೆ ಒಪ್ಪಿಗೆಯಿಲ್ಲ.

ಬೇಕರಿ ಅಣ್ಣ:
ಅಕ್ಕಾ, ಹಾಲು ಕಳೆದರೆ 30 ಲಕ್ಷ. ಮಿತಿಯೊಳಗೇ ಇದ್ದೀರಿ. ನಿಮ್ಮ ಹೆಸರಿನಲ್ಲಿ ಇನ್ನೊಂದು ಕ್ಯೂಆರ್ ಮಾಡಿಸಿದರೆ ಇನ್ನೂ ನಿಶ್ಚಿಂತೆ.

ತುಮಕೂರಿನ ಲೆಕ್ಕಿಗ:
ಬೇಕರಿಯವರೇ, ಈ ಸಲಹೆ ಯಾರಿಗೂ ಕೊಡಬೇಡಿ. ಬರೀ ಹಾಲನ್ನೇ ಮಾರುವವರಿಗೆ ನೋಂದಣಿ ಬೇಕಿಲ್ಲ, ನಿಜ. ಆದರೆ ಜೊತೆಗೆ ಸೋಪು, ಬಿಸ್ಕತ್ತು ಇಟ್ಟ ಮೇಲೆ ಮಿತಿಯ ಲೆಕ್ಕಕ್ಕೆ ಹಾಲೂ ಸೇರುತ್ತದೆ. ಅಂಗಡಿ ಒಂದೇ ಆಗಿರುವಾಗ ಕ್ಯೂಆರ್ ಯಾರ ಹೆಸರಿನಲ್ಲಿದ್ದರೇನು? ನಗದೂ ವಹಿವಾಟೇ.

ಅಕ್ಕಾ, ಚೀಟಿ, ಕೈಸಾಲ ವ್ಯಾಪಾರವಲ್ಲ, ತೆಗೆದುಬಿಡಿ. 43ಕ್ಕೆ ನಗದು 6 ಸೇರಿಸಿದರೆ 49 ಲಕ್ಷ. 40 ದಾಟಿದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕಿತ್ತು, ಈಗಲಾದರೂ ಹಾಕಿ, ಅರ್ಜಿಗೆ ಶುಲ್ಕವಿಲ್ಲ. ಅದರಲ್ಲೇ ರಾಜಿ ತೆರಿಗೆ, ಅಂದರೆ ಕಾಂಪೋಸಿಷನ್ ಆರಿಸಿಕೊಳ್ಳಿ. ವ್ಯಾಪಾರಿಗೆ ತೆರಿಗೆ ಬೀಳುವ ಸರಕಿನ ಮೇಲೆ ಮಾತ್ರ ಶೇ 1. ಹಾಲು ಬಿಟ್ಟು 30 ಲಕ್ಷವೆಂದರೆ ವರ್ಷಕ್ಕೆ 30 ಸಾವಿರ. ಮೊಸರಿನ ಪಾಕೆಟ್ಟನ್ನು ಹಾಲಿನ ಜೊತೆ ಸೇರಿಸಿದ್ದೀರಾ, ನೋಡಿಕೊಳ್ಳಿ. ಅದಕ್ಕೆ 2022ರ ಜುಲೈಯಿಂದ ತೆರಿಗೆ ಇದೆ.

ಟೀ ಕಾಯಿಸಿ ಕೊಡುತ್ತೀರಾ? ಹಾಗಿದ್ದರೆ ಅದು ಸೇವೆ, ಮಿತಿ 20 ಲಕ್ಷಕ್ಕೆ ಇಳಿಯುತ್ತದೆ.

ಹಾಸನದ ಅಂಗಡಿ:
ಟೀ ಇಲ್ಲ ಸರ್, ಅದು ಎದುರಿನ ಗಾಡಿಯವರದು. ಮೊಸರನ್ನು ಹಾಲಿನಲ್ಲೇ ಸೇರಿಸಿದ್ದೆ, ಬೇರೆ ಮಾಡುತ್ತೇನೆ. ಆದಾಯ ತೆರಿಗೆಯವರೂ 49 ಲಕ್ಷ ಹಿಡಿದು ಕೇಳುತ್ತಾರೆಯೇ?

ತುಮಕೂರಿನ ಲೆಕ್ಕಿಗ:
ಅಲ್ಲಿ ಕೇಳುವುದು ಲಾಭವನ್ನು. 44ಎಡಿ ಕಲಮಿನಲ್ಲಿ ಯುಪಿಐಗೆ ಶೇ 6, ನಗದಿಗೆ ಶೇ 8 ಲಾಭವೆಂದು ತೋರಿಸಬಹುದು: 2.58 ಲಕ್ಷ, 0.48 ಲಕ್ಷ, ಒಟ್ಟು 3.06 ಲಕ್ಷ. ನಿಜವಾದ ಲಾಭ ಹೆಚ್ಚಿದ್ದರೆ ಹೆಚ್ಚೇ ತೋರಿಸಬೇಕು. ಹೊಸ ಪದ್ಧತಿಯಲ್ಲಿ ಆ ವರ್ಷಕ್ಕೆ 4 ಲಕ್ಷದವರೆಗೆ ತೆರಿಗೆಯಿಲ್ಲ. ಯುಪಿಐಗೇ ಕಡಿಮೆ ದರ ಇರುವುದನ್ನು ಯಜಮಾನರಿಗೆ ತೋರಿಸಿ. ಇನ್ನು ಮುಂದೆ ಚೀಟಿ ಹಣಕ್ಕೆ ಬೇರೆ ಖಾತೆ ಇರಲಿ. ರಾಜಿ ತೆರಿಗೆಗೆ ಸೇರಿದ ಮೇಲೆ ಗಿರಾಕಿಯ ಬಿಲ್ಲಿನಲ್ಲಿ ಜಿಎಸ್‌ಟಿ ಎಂದು ಒಂದು ಪೈಸೆಯನ್ನೂ ಹಾಕುವಂತಿಲ್ಲ.