ಪದಚರ್ಚೆ: 'ರೆಮಿಷನ್'ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮಕ್ಕಳ ರಕ್ತ ಕ್ಯಾನ್ಸರಿಗೆ ಈಚೆಗೆ ಬಂದಿರುವ ಚಿಕಿತ್ಸೆಗಳ ಬಗ್ಗೆ ಅಪ್ಪ ಅಮ್ಮಂದಿರು ಓದಬಹುದಾದ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ಕೀಮೋ, ಬೋನ್ ಮ್ಯಾರೋ, ಪ್ಲೇಟ್‌ಲೆಟ್ ಇವಕ್ಕೆಲ್ಲ ನಾನು ಕನ್ನಡ ಹುಡುಕುತ್ತಿಲ್ಲ. ವಾರ್ಡಿನಲ್ಲಿ ಎಲ್ಲರೂ ಅದನ್ನೇ ಹೇಳುತ್ತಾರೆ, ಸಾಕು. ಸಿಕ್ಕಿಕೊಂಡಿರುವುದು 'ರೆಮಿಷನ್' ಹತ್ತಿರ, ಅಂದರೆ ಚಿಕಿತ್ಸೆಯಿಂದ ರೋಗ ತೀರಾ ತಗ್ಗಿರುವ ಸ್ಥಿತಿ. ಇಂಗ್ಲಿಷ್ ಪದವನ್ನೇ ಇಟ್ಟುಕೊಂಡರೆ ಆಗಲ್ವಾ ಅಂತ ಕೇಳಬಹುದು. ಆಗುತ್ತದೆ. ಆದರೆ ಪತ್ರಿಕೆಗಳು ಹಾಗೆ ಮಾಡುವುದಿಲ್ಲ, ಸೀದಾ 'ಗುಣಮುಖ' ಅಂತ ಬರೆದುಬಿಡುತ್ತವೆ. ನನ್ನ ತಕರಾರು ಅಲ್ಲಿಂದ ಶುರು.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಎಎಲ್‌ಎಲ್ ಅನ್ನುವ ಬಗೆ. ಮೊದಲ ಹಂತದ ಕೀಮೋ ನಾಲ್ಕೈದು ವಾರ ನಡೆಯುತ್ತದೆ. ಆಮೇಲೆ ಮೂಳೆಮಜ್ಜೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೆಟ್ಟ ಕೋಶಗಳು ಶೇ 5ಕ್ಕಿಂತ ಕಡಿಮೆ ಇದ್ದು, ರಕ್ತದ ಕೌಂಟ್ (ರಕ್ತಕಣಗಳ ಎಣಿಕೆ) ಚೇತರಿಸಿಕೊಂಡಿದ್ದರೆ ಅದು ರೆಮಿಷನ್. ಅಷ್ಟೇ. ಆ ಹೊತ್ತಿಗೂ ಮೈಯಲ್ಲಿ ಕೋಟಿಗಟ್ಟಲೆ ಕೆಟ್ಟ ಕೋಶಗಳು ಉಳಿದಿರಬಹುದು. ಅದಕ್ಕೇ ಚಿಕಿತ್ಸೆ ಎರಡರಿಂದ ಮೂರು ವರ್ಷ ಎಳೆಯುತ್ತದೆ. 'ಗುಣ ಆಯ್ತಂತಲ್ಲ, ಮತ್ತೆ ಯಾಕೆ ಚುಚ್ಚುತ್ತಾರೆ' ಅಂತ ಊರಿಗೆ ಕರೆದುಕೊಂಡು ಹೋಗಿ ಚಿಕಿತ್ಸೆ ಅರ್ಧಕ್ಕೇ ಬಿಟ್ಟರೆ? ಒಂದು ಪದದಿಂದ ಅಷ್ಟೆಲ್ಲ ಆಗುತ್ತದೆಯೇ ಅನ್ನಬೇಡಿ, 'ಗುಣ ಆಗಿದೆ' ಅಂದರೆ ಯಾರಿಗಾದರೂ ಕೆಲಸ ಮುಗಿದಿದೆ ಅಂತಲೇ ಅರ್ಥ.

ಹೊಸ ಚಿಕಿತ್ಸೆಗಳ ಸುದ್ದಿಯಲ್ಲಿ ಈ ಗೊಂದಲ ಇನ್ನೂ ಜಾಸ್ತಿ. ಕಾರ್-ಟಿ ಚಿಕಿತ್ಸೆಯನ್ನೇ ತೆಗೆದುಕೊಳ್ಳಿ. ಮಗುವಿನ ರಕ್ತದಿಂದಲೇ ಟಿ ಕೋಶಗಳನ್ನು (ರೋಗದ ಜೊತೆ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ತೆಗೆದು, ಲ್ಯಾಬಿನಲ್ಲಿ ಅವಕ್ಕೆ ಹೊಸ ಜೀನ್ ಸೇರಿಸಿ, ಈ ಕ್ಯಾನ್ಸರ್ ಕೋಶಗಳ ಮೇಲೂ ಇರುವ ಸಿಡಿ19 ಅನ್ನುವ ಗುರುತಿನ ಕೋಶಗಳನ್ನು ಹುಡುಕಿ ಕೊಲ್ಲುವಂತೆ ಮಾಡಿ ವಾಪಸ್ ಮೈಗೆ ಬಿಡುತ್ತಾರೆ. (ಆ ಜೀನಿನಿಂದ ಹುಟ್ಟುವ, ಗುರುತನ್ನು ಹಿಡಿಯುವ 'ರಿಸೆಪ್ಟರ್'ಗೆ ನಮ್ಮ ಪಠ್ಯಪುಸ್ತಕದ ಪದ 'ಗ್ರಾಹಕ'. ಕೋಶದ ಮೈಮೇಲೆ ಗ್ರಾಹಕರು ನಿಂತಿದ್ದಾರೆ ಅಂತ ಬರೆದರೆ ಓದುವವರು ಅಂಗಡಿ ನೆನೆಸಿಕೊಳ್ಳುತ್ತಾರೆ. ಅದು ಬೇರೆ ಜಗಳ, ಇನ್ನೊಂದು ದಿನ ಆಡೋಣ.) 2012ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಹುಡುಗಿ ಇದನ್ನು ಪಡೆದ ಮೊದಲ ಮಗು. ಅವಳಿಗೆ ಕೀಮೋ ಆದಮೇಲೂ ರೋಗ ಎರಡು ಸಲ ವಾಪಸ್ ಬಂದಿತ್ತು. 2017ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಈ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಅದಕ್ಕೆ ಆಧಾರವಾದ ಅಧ್ಯಯನದ ವರದಿ 2018ರಲ್ಲಿ ಬಂತು. ಮೂರು ತಿಂಗಳೊಳಗೆ ಶೇ 81ರಷ್ಟು ರೋಗಿಗಳಿಗೆ ರೆಮಿಷನ್. ಅದೇ ವರದಿಯಲ್ಲಿ, ವರ್ಷ ಕಳೆಯುವ ಹೊತ್ತಿಗೆ ರೋಗ ಮರಳದೆ, ಬೇರೆ ಅನಾಹುತವೂ ಆಗದೆ ಉಳಿಯುವವರು ಶೇ 50 ಅಂತಲೂ ಇದೆ. ಮೊದಲ ಅಂಕಿಯನ್ನು 'ಶೇ 81 ಮಂದಿ ಗುಣಮುಖ' ಅಂತ ಬರೆದರೆ ಎರಡನೆಯದನ್ನು ಏನಂತ ಬರೆಯುತ್ತೀರಿ? 2010ರಲ್ಲಿ ಫಿಲಡೆಲ್ಫಿಯಾದಲ್ಲೇ ಈ ಚಿಕಿತ್ಸೆ ಪಡೆದ ಇಬ್ಬರು ದೊಡ್ಡವರ ವಿಷಯದಲ್ಲಿ ವೈದ್ಯರು 'ಗುಣ' ಅನ್ನುವ ಮಾತನ್ನು ಬಾಯಿಬಿಟ್ಟು ಹೇಳಿದ್ದು 2022ರಲ್ಲಿ, ಹತ್ತು ವರ್ಷ ಕಾದು ನೋಡಿದ ಮೇಲೆ.

ನಮ್ಮಲ್ಲೂ 2023ರಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಆ ಒಪ್ಪಿಗೆ 15 ವರ್ಷ ತುಂಬಿದವರಿಗೆ. ಐದಾರು ವರ್ಷದ ಮಗುವಿನ ತಾಯಿ ಸುದ್ದಿ ಓದಿ ಆಸೆಪಡುವ ಮುಂಚೆ ಈ ಮಾತು ಅವರಿಗೆ ಗೊತ್ತಾಗಬೇಕು, ಅದನ್ನೂ ಹೊತ್ತಗೆಯಲ್ಲಿ ಹಾಕಿದ್ದೇನೆ.

ಸರಿ, ಪದಕ್ಕೆ ಬರೋಣ. ನಿಘಂಟಿನವರು ಕೊಡುವುದು 'ಉಪಶಮನ'. ಕೇಳಲು ಗೌರವವಾಗಿದೆ. ಆದರೆ 'ಉಪಶಾಮಕ ಆರೈಕೆ' ಅಂತ ನಾವು ಆಗಲೇ ಬೇರೆ ಕಡೆ ಬಳಸಿಬಿಟ್ಟಿದ್ದೇವೆ, ನೋವು ತಗ್ಗಿಸುವ ಪ್ಯಾಲಿಯೇಟಿವ್ ಆರೈಕೆಗೆ. ಅದರ ಬೋರ್ಡು ನೋಡಿರುವ ಅಪ್ಪನಿಗೆ 'ನಿಮ್ಮ ಮಗನಿಗೆ ಉಪಶಮನ ಆಗಿದೆ' ಅಂದರೆ ಎದೆ ಧಸಕ್ ಅನ್ನುತ್ತದೆ. ಒಳ್ಳೆಯ ಸುದ್ದಿ ಕೆಟ್ಟ ಸುದ್ದಿಯಾಗಿ ಕೇಳಿಸುತ್ತದೆ. 'ಹತೋಟಿಗೆ ಬಂದಿದೆ' ಅಂದರೆ ಶುಗರ್, ಬಿಪಿ ನೆನಪಾಗುತ್ತದೆ, ಜೀವನಪೂರ್ತಿ ಮಾತ್ರೆ ಅನ್ನುವ ಭಾವನೆ ಬರುತ್ತದೆ. ಅದೂ ತಪ್ಪು.

'ಅಡಗಿದೆ' ನನಗೆ ಬಹಳ ಹಿಡಿಸಿತ್ತು. ಗಾಳಿ ಅಡಗಿತು, ಸದ್ದಡಗಿತು ಅನ್ನುತ್ತೇವೆ, ಬಚ್ಚಿಟ್ಟುಕೊಂಡಿದೆ ಅಂತಲೂ ಅದೇ ಪದ. ವೈದ್ಯರ ಅರ್ಥಕ್ಕೆ ಇದಕ್ಕಿಂತ ಹತ್ತಿರದ್ದು ಸಿಗುವುದಿಲ್ಲ. ತೊಂದರೆ ಏನೆಂದರೆ ತಾಯಿಯ ಕಿವಿಗೆ ಎರಡನೇ ಅರ್ಥವೇ ಮೊದಲು ಬೀಳುತ್ತದೆ. ಹಾಗಾಗಿ ಬೇಡ.

ಈಗ ನನ್ನ ಮನಸ್ಸು 'ಇಳಿತ'ದ ಕಡೆಗಿದೆ. 'ರಿಲ್ಯಾಪ್ಸ್'ಗೆ 'ಮರುಕಳಿಸು' ಅನ್ನುವ ಒಳ್ಳೆ ಪದ ನಮ್ಮ ಹತ್ತಿರ ಇದ್ದೇ ಇದೆ, ಯಾರೂ ಕಟ್ಟಿದ್ದಲ್ಲ, ಜ್ವರಕ್ಕೆ ಹೇಳುತ್ತಾ ಬಂದದ್ದು. ಜ್ವರ ಇಳಿಯಿತು, ಮತ್ತೆ ಮರುಕಳಿಸಿತು. ಜೋಡಿ ಸಿದ್ಧವಾಗಿಯೇ ಇದೆ ಅಲ್ವಾ? ಇಳಿದ ಜ್ವರ ಮತ್ತೆ ಬರಬಹುದು ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ, ಇಳಿದಿದ್ದು ಸಂತೋಷದ ವಿಷಯ ಅಂತಲೂ ಹೇಳಬೇಕಿಲ್ಲ. 'ಪೂರ್ತಿ ಇಳಿತ', 'ಅರೆ ಇಳಿತ' ಅಂತ ಬೆಳೆಸಲೂ ಬರುತ್ತದೆ. ಹತ್ತು ಸಾವಿರ ಕೋಶಗಳಲ್ಲಿ ಒಂದು ಕೆಟ್ಟದ್ದಿದ್ದರೂ ಹಿಡಿಯುವ ಎಂಆರ್‌ಡಿ ಪರೀಕ್ಷೆಗೆ 'ಅಳಿದುಳಿದ ರೋಗದ ಪರೀಕ್ಷೆ' ಅಂದುಕೊಂಡಿದ್ದೇನೆ. 'ಇಳಿತ'ದ ಪಕ್ಕದಲ್ಲಿ ಅದು ಚೆನ್ನಾಗಿ ಕೂರುತ್ತದೆ.

ಒಂದು ವಾಕ್ಯದಲ್ಲಿಟ್ಟು ನೋಡಿ. ಬ್ಲಿನಾಟುಮೊಮ್ಯಾಬ್ ಅಂತ ಒಂದು ಔಷಧಿ ಇದೆ, ಟಿ ಕೋಶವನ್ನೂ ಕ್ಯಾನ್ಸರ್ ಕೋಶವನ್ನೂ ಹಿಡಿದು ಪಕ್ಕಪಕ್ಕ ತರುತ್ತದೆ. 28 ದಿನ ಬಿಡದೆ ಪಂಪಿನಲ್ಲಿ ಕೊಡಬೇಕು. ಎಎಲ್‌ಎಲ್‌ನ ಬಿ ಬಗೆ ಬಂದ ಮಕ್ಕಳಿಗೆ ಮೊದಲ ಸಲದ ಚಿಕಿತ್ಸೆಯಲ್ಲೇ ಕೀಮೋ ಜೊತೆ ಇದನ್ನೂ ಕೊಟ್ಟ ಒಂದು ದೊಡ್ಡ ಅಧ್ಯಯನ 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ನಾನು ಬರೆದದ್ದು ಹೀಗೆ: 'ರೋಗ ಪೂರ್ತಿ ಇಳಿದ ಮಕ್ಕಳಲ್ಲಿ, ಮೂರು ವರ್ಷವಾದರೂ ರೋಗ ಮರುಕಳಿಸದೆ ಚೆನ್ನಾಗಿರುವವರು ಬರೀ ಕೀಮೋ ಪಡೆದವರಲ್ಲಿ ಸುಮಾರು ಶೇ 88, ಈ ಔಷಧಿಯನ್ನೂ ಪಡೆದವರಲ್ಲಿ ಶೇ 96.' ಓದಲು ತೊಡಕಿದೆಯೇ? ನನಗಂತೂ ಇಲ್ಲ, ಆದರೆ ನಾನೇ ಬರೆದದ್ದು.

ಕೇಳಬೇಕಾದ್ದು ಇಷ್ಟು. ಉತ್ತರ ಕರ್ನಾಟಕ, ಕರಾವಳಿ ಕಡೆಯವರು ಹೇಳಿ, ನಿಮ್ಮ ಮಾತಿನಲ್ಲಿ ರೋಗ 'ಇಳಿಯಿತು' ಅಂದರೆ ಜ್ವರಕ್ಕೆ ಮಾತ್ರವೋ, ಬೇರೆ ಕಾಯಿಲೆಗೂ ಹೇಳುತ್ತೀರೋ? ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್, ಡಾಕ್ಟರ್ ಯಾರಾದರೂ ಇದ್ದರೆ, ರೆಮಿಷನ್ ಬಂದ ದಿನ ಮನೆಯವರಿಗೆ ನೀವು ಬಾಯಲ್ಲಿ ಏನಂತ ಹೇಳುತ್ತೀರಿ ಅಂತ ಹಾಗೇ ಬರೆಯಿರಿ, ತಿದ್ದಬೇಡಿ. ಇನ್ನೊಂದು, ಕೀಮೋಗೆ ಬಗ್ಗದ 'ರಿಫ್ರ್ಯಾಕ್ಟರಿ' ರೋಗಕ್ಕೆ 'ಔಷಧಿಗೆ ಜಗ್ಗದ' ಅಂತ ಹಾಕಿದ್ದೇನೆ. 'ಜಗ್ಗದ' ತೀರಾ ಒರಟಾಯಿತೇ?